ಕತ್ತಿನ ನೋವಿಗೆ ಲೇಸರ್ ಬೆಳಕು

ಲೇಸರ್ ಎಂದೊಡನೆ ಉಕ್ಕನ್ನು ಕೊಯ್ಯುವ ಕಿರಣವು ನಮ್ಮ ನೆನಪಿಗೆ ಬರುತ್ತದೆ. ಅಂತಹ ಬೆಳಕನ್ನು ನೊಂದ ಕತ್ತಿನ ಮೇಲೆ ಬಿಟ್ಟರೆ ಚರ್ಮವು ಸುಡುವುದಿಲ್ಲವೆ? ಸುಡದಿದ್ದರೆ ಅದರಿಂದ ಪ್ರಯೋಜನವಾದರೂ ಏನು? ಈ ಎರಡು ಪ್ರಶ್ನೆಗಳನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಿಸೋಣ.

೧೯೬೦ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ನನು ಮಾಣಿಕ್ಯದ ಹರಳಿನಿಂದ ಮೊದಲನೆಯ ಲೇಸರನ್ನು ಬೆಳಗಿಸಿದನು. ಆ ದಶಕ ಮುಗಿಯುವ ಮೊದಲೇ ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯನು ಇಲಿಗಳ ಕೂದಲನ್ನು ಬೋಳಿಸಿ, ಮಂದವಾದ ಲೇಸರ್ ಬೆಳಕನ್ನು ಬಿಟ್ಟು ನೋಡಿದನು. ಈ ಬೆಳಕು ಕ್ಯಾನ್ಸರನ್ನು ಉಂಟುಮಾಡುವುದೇ ಎಂಬುದು ಅವನ ಸಂದೇಹ. ಕಂಡುಬಂದುದು ಬೇರೆ: ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗನೆ ಬೆಳೆಯಿತು! ಮಂದ ಲೇಸರ್ ಚಿಕಿತ್ಸೆಯ ಮೂಲ ಇದೇ.

ಕತ್ತಿನ ಚಿಕಿತ್ಸೆಗೆ ಹೆಚ್ಚಾಗಿ ಬಳಸುವ ಬೆಳಕುಗಳಲ್ಲಿ ಒಂದು ಸುಮಾರು ೮೩೦ ನ್ಯಾನೊಮೀಟರ್ ತರಂಗಾಂತರದ್ದು. ಇದು ಕಣ್ಣಿಗೆ ಕಾಣದ ಅವರಕ್ತ ಬೆಳಕು. ಹಸಿರು, ನೀಲಿ ಬೆಳಕನ್ನು ರಕ್ತದ ಹಿಮೊಗ್ಲೋಬಿನ್ನೂ, ಇನ್ನೂ ಉದ್ದನೆಯ ಅವರಕ್ತ ತರಂಗಗಳನ್ನು ನೀರೂ ಬಲವಾಗಿ ಹೀರುತ್ತವೆ. ನಡುವಣ ಈ ಕಿಂಡಿಯಲ್ಲಿ ಬೆಳಕು ತುಸು ಆಳಕ್ಕೆ ಇಳಿಯಬಲ್ಲುದು. ಕತ್ತಲೆಯಲ್ಲಿ ಟಾರ್ಚಿನ ಗಾಜನ್ನು ಬೆರಳುಗಳಿಂದ ಮುಚ್ಚಿ ನೋಡಿರಿ. ಹೊರಬರುವುದು ಕೆಂಪು ಬೆಳಕೇ.

ಇನ್ನು ಶಾಖದ ಲೆಕ್ಕ. ೧೦೦ ಮಿಲಿವಾಟ್ ಲೇಸರನ್ನು ೧ ನಿಮಿಷ ಹಿಡಿದರೆ ಬೀಳುವ ಶಕ್ತಿ ೦.೧ × ೬೦ = ೬ ಜೂಲ್. ಇದೆಲ್ಲವೂ ೧ ಗ್ರಾಂ ನೀರಿಗೆ ಸೇರಿದರೂ ಅದರ ಉಷ್ಣತೆ ಏರುವುದು ಸುಮಾರು ೧.೪ ಡಿಗ್ರಿ ಮಾತ್ರ. ಶರೀರದಲ್ಲಾದರೋ ಹರಿಯುವ ರಕ್ತವು ಶಾಖವನ್ನು ಒಯ್ಯುತ್ತಲೇ ಇರುತ್ತದೆ. ಆದುದರಿಂದ ಇಲ್ಲಿ ಕೆಲಸಮಾಡುವುದು ಕಾವಲ್ಲ. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವು ಬೆಳಕನ್ನು ಹೀರಿ ಚುರುಕಾಗುವುದೆಂದು ಹಲವರ ಊಹೆ. ಊಹೆಯನ್ನು ಸಿದ್ಧಾಂತವೆಂದು ಭಾವಿಸಬಾರದು.

ನೋವು ನಿಜವಾಗಿ ಇಳಿಯುವುದೆ? ೨೦೦೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯು ೧೬ ಪ್ರಯೋಗಗಳ ವಿಮರ್ಶೆಯೊಂದನ್ನು ಪ್ರಕಟಿಸಿತು. ಬಹುಕಾಲದ ನೋವುಳ್ಳವರಲ್ಲಿ ಉಪಶಮನವು ಚಿಕಿತ್ಸೆ ಮುಗಿದ ಮೇಲೂ ೨೨ ವಾರಗಳವರೆಗೆ ಉಳಿದಿತ್ತು. ಆದರೆ ಒಟ್ಟು ರೋಗಿಗಳು ೮೨೦. ಎಂದರೆ ಪ್ರಯೋಗವೊಂದಕ್ಕೆ ಸರಾಸರಿ ೫೧ ಮಂದಿ. ಫಲ ಆಶಾದಾಯಕ, ಆಧಾರ ಚಿಕ್ಕದು.

ಎಚ್ಚರಿಕೆಯ ಮಾತೊಂದು ಉಂಟು. ಕಾಣದ ಬೆಳಕಿಗೆ ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ. ಚರ್ಮವನ್ನು ಸುಡದ ಕಿರಣವೇ ಕಣ್ಣಿನ ಮಸೂರದಿಂದ ಒಂದು ಬಿಂದುವಿಗೆ ಕೂಡಿ ಅಕ್ಷಿಪಟವನ್ನು ಸುಡಬಲ್ಲುದು. ಆದುದರಿಂದ ರಕ್ಷಕ ಕನ್ನಡಕವಿಲ್ಲದೆ ಈ ಉಪಕರಣವನ್ನು ಮುಟ್ಟಬಾರದು. ನೋವಿನ ಜೊತೆಗೆ ಕೈ ಜೋಮು ಹಿಡಿದರೆ, ಇಲ್ಲವೆ ಬಲಗುಂದಿದರೆ, ಮೊದಲು ವೈದ್ಯರಲ್ಲಿಗೆ ಹೋಗತಕ್ಕದ್ದು. ಬೆಳಕು ನೋವನ್ನು ತಗ್ಗಿಸಬಹುದು. ನೋವಿನ ಕಾರಣವನ್ನು ಕಂಡುಹಿಡಿಯುವ ಕೆಲಸ ಅದರದಲ್ಲ.