ಪರಸ್ಥಳದ ಊಟ ಮತ್ತು ಶ್ರಾವಕನ ನಿಯಮ

ಮನೆಯಲ್ಲಿರುವಷ್ಟು ಕಾಲ ಆಹಾರನಿಯಮದ ಭಾರವನ್ನು ಬಹುಮಟ್ಟಿಗೆ ಗೃಹಿಣಿಯೇ ಹೊತ್ತಿರುತ್ತಾಳೆ. ನೀರನ್ನು ಸೋಸಿದ್ದು ಯಾವಾಗ, ಹಿಟ್ಟನ್ನು ಬೀಸಿ ಎಷ್ಟು ದಿನವಾಯಿತು, ಕಾಳಿನಲ್ಲಿ ಹುಳು ಬಿದ್ದಿದೆಯೇ ಎಂಬುದನ್ನೆಲ್ಲ ಬಲ್ಲವಳು ಅವಳು. ಉಳಿದವರು ಹೊತ್ತು ಮುಳುಗುವ ಮೊದಲು ಬಂದು ಎಲೆಯ ಮುಂದೆ ಕುಳಿತರಾಯಿತು. ಪ್ರಯಾಣ ಹೊರಟ ದಿನ ಮಾತ್ರ ಈ ಭಾರವೆಲ್ಲ ಒಮ್ಮೆಗೇ ಪ್ರಯಾಣಿಕನ ತಲೆಗೇರುತ್ತದೆ. ತಾನು ಹಿಡಿದ ನಿಯಮ ಯಾವುದು, ಅದರ ಎಲ್ಲೆ ಎಲ್ಲಿಯವರೆಗೆ ಎಂಬುದು ಎಷ್ಟೋ ಮಂದಿಗೆ ಅಂದು ಮೊದಲ ಬಾರಿಗೆ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ. ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವವರೆಗೆ ಹಿಡಿದದ್ದು ಯಮ. ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲೇ ಸೇರಿರುವುದರಿಂದ ಅದಕ್ಕೆ ಊರು, ಪರವೂರು ಎಂಬ ಭೇದವಿಲ್ಲ. ಫಲ ಅಲ್ಪ, ಘಾತ ಬಹಳ ಎಂಬ ಕಾರಣದಿಂದ ಮೂಲಂಗಿ, ಹಸಿ ಶುಂಠಿ, ಬೆಣ್ಣೆ ಮೊದಲಾದವನ್ನು ಅವರು ಬೇರೆಯಾಗಿ ಹೇಳಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇನ್ನೂ ಸೂಕ್ಷ್ಮಕ್ಕೆ ಹೋಗುತ್ತದೆ. ಈ ವ್ರತದ ಐದು ಅತಿಚಾರಗಳಲ್ಲಿ ಸಚಿತ್ತ ಆಹಾರದ ಜೊತೆಗೆ ಸಚಿತ್ತಕ್ಕೆ ತಗುಲಿದ್ದು, ಸಚಿತ್ತದೊಡನೆ ಬೆರೆತದ್ದು ಎಂಬ ಎರಡು ಪ್ರತ್ಯೇಕವಾಗಿ ಎಣಿಕೆಯಾಗಿವೆ. ಬೆರೆಯುವುದು ಒಂದು, ತಗುಲುವುದು ಮತ್ತೊಂದು. ಹೋಟೆಲಿನ ಅಡುಗೆಮನೆಯನ್ನು ಅಳೆಯಲು ಈ ಭೇದ ಬಹಳ ಉಪಯೋಗಕ್ಕೆ ಬರುತ್ತದೆ.

ದೂರದ ದೇಶಕ್ಕೆ ಹೋಗುವ ಮೊದಲು ಹೆಮ್ಮಾಡಿಯಲ್ಲಿ ಒಂದು ಗಳಿಗೆ ನಿಂತು ನೋಡಬಹುದು. ಕುಂದಾಪುರದಿಂದ ಬೈಂದೂರಿಗೆ ಸಾಗುವ ಹೆದ್ದಾರಿಯಿಂದ ಕೊಲ್ಲೂರಿನ ರಸ್ತೆ ಕವಲೊಡೆಯುವುದು ಇಲ್ಲಿಯೇ. ಮಾರಣಕಟ್ಟೆಯ ಜಾತ್ರೆಗೆ ಸೇವಂತಿಗೆ ಬೆಳೆಯುವ ಊರೆಂದು ನಾಡೆಲ್ಲ ಇದನ್ನು ಬಲ್ಲದು. ಪ್ರಾಚೀನ ಬಸದಿಯಿರುವ ಹಟ್ಟಿಯಂಗಡಿಯೂ ಇಲ್ಲಿಗೆ ಸಮೀಪ. ಕೊಲ್ಲೂರು, ನಗರ, ಹೊಸನಗರಗಳ ಮೂಲಕ ಹೊಂಬುಜದ ಪದ್ಮಾವತಿ ದೇವಿಯ ದರ್ಶನಕ್ಕೆ ಹೊರಟ ಜೈನ ಕುಟುಂಬವೊಂದು ಈ ಕೂಡುರಸ್ತೆಯಲ್ಲಿ ಊಟಕ್ಕೆ ಇಳಿಯಿತೆಂದು ಇಟ್ಟುಕೊಳ್ಳೋಣ. ‘ಶುದ್ಧ ಸಸ್ಯಾಹಾರಿ’ ಎಂಬ ಫಲಕ ಕಂಡೊಡನೆ ಅವರಿಗೆ ಸಮಾಧಾನವಾಗುತ್ತದೆ. ಆ ಫಲಕ ಸುಳ್ಳು ಹೇಳುವುದಿಲ್ಲ; ಮೀನು, ಮಾಂಸ, ಮೊಟ್ಟೆ ಇಲ್ಲವೆಂದಷ್ಟೇ ಅದರ ಮಾತು. ಸಾಂಬಾರಿನಲ್ಲಿ ಸುವರ್ಣಗೆಡ್ಡೆ ಇರಬಹುದು, ಪಲ್ಯ ಬಟಾಟೆಯದಾಗಿರಬಹುದು, ಗೋಳಿಬಜೆಯಲ್ಲಿ ಹಸಿ ಶುಂಠಿಯ ಚೂರು ಸಿಗಬಹುದು. ಮೊಸರುವಡೆ ದ್ವಿದಳದ ದೋಷಕ್ಕೆ ಸೇರುತ್ತದೆಂಬುದನ್ನು ಬಡಿಸುವವನು ಹೇಗೆ ಬಲ್ಲ? ದೋಸೆಯ ಹಿಟ್ಟು ಹಿಂದಿನ ರಾತ್ರಿ ಹುದುಗಿದ್ದು. ಮರ್ಯಾದೆ ನೋಡುವವರಿಗೆ ಅದೂ ಸಲ್ಲದು. ಉಡುಪಿಯ ಮಠಗಳ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ದ್ವಿದಳ ಧಾನ್ಯವನ್ನೇ ಬಿಡುವ ಪದ್ಧತಿಯೂ ಅಲ್ಲಿದೆ. ಆದರೆ ಆ ದ್ವಿದಳವ್ರತ ಬೇರೆ, ಹಾಲು ಮೊಸರಿನೊಡನೆ ಬೇಳೆ ಕೂಡಬಾರದೆಂಬ ಜೈನರ ದ್ವಿದಳ ಬೇರೆ. ಹೆಸರು ಒಂದೇ ಎಂದು ನಂಬಿ ಕುಳಿತವರು ಮೋಸಹೋಗುತ್ತಾರೆ. ಹೀಗಿದ್ದರೂ ಇಲ್ಲಿ ಮಾತು ಬರುತ್ತದೆ, ಕೇಳಬಹುದು. ಹುದುಗಿಸದ ನೀರುದೋಸೆಯನ್ನೋ ಕುಚ್ಚಲಕ್ಕಿಯ ಗಂಜಿಯನ್ನೋ ಮಾಡಿಸಿಕೊಂಡು ಉಣ್ಣಬಹುದು.

ಮಾತೂ ಬಾರದ, ಮುಖವೂ ಪರಿಚಯವಿಲ್ಲದ ಐರೋಪ್ಯ ನಗರದಲ್ಲಿ ಏನು ಗತಿ? ಈ ಪ್ರಶ್ನೆಯನ್ನು ಜೈನರಿಗಿಂತ ಬಹಳ ಹಿಂದೆಯೇ ಎದುರಿಸಿ, ತಮ್ಮದೇ ವ್ಯವಸ್ಥೆ ಮಾಡಿಕೊಂಡವರು ಯೆಹೂದ್ಯರು. ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ನಗರದಲ್ಲಿ ಈ ಎರಡು ಸಮುದಾಯಗಳೂ ವಜ್ರದ ವ್ಯಾಪಾರದಲ್ಲಿ ಒಂದೇ ಬೀದಿಯಲ್ಲಿ ಕುಳಿತಿವೆ. ಪಾಲನಪುರ, ಸೂರತ್ತುಗಳ ಗುಜರಾತಿ ಜೈನರು 1960ರ ದಶಕದಿಂದ ಅಲ್ಲಿ ನೆಲೆಸಿ, ವಿಲ್ರೈಕ್ ಎಂಬಲ್ಲಿ ಅಮೃತಶಿಲೆಯ ಮಂದಿರವನ್ನೂ ಕಟ್ಟಿದ್ದಾರೆ. ಅಲ್ಲಿಯ ಯೆಹೂದ್ಯರ ಅಂಗಡಿಗಳಲ್ಲಿ ‘ಕೋಷರ್’ ಎಂಬ ಮುದ್ರೆ ಕಾಣಸಿಗುತ್ತದೆ; ಅವರ ಧರ್ಮಶಾಸ್ತ್ರಕ್ಕೆ ಒಪ್ಪಿದ ಆಹಾರ ಎಂದು ಅದರರ್ಥ. ಇಷ್ಟು ಕಟ್ಟುನಿಟ್ಟಾದ ಜನರ ಆಹಾರ ಶ್ರಾವಕನಿಗೂ ಆದೀತಲ್ಲವೇ ಎಂದು ಕೆಲವರು ಭಾವಿಸುವುದುಂಟು. ಅದನ್ನು ಪರೀಕ್ಷಿಸಿಯೇ ನೋಡಬೇಕು.

ಗೊರಸು ಸೀಳಿದ್ದು, ಮೆಲುಕು ಹಾಕುವ ಪ್ರಾಣಿಯ ಮಾಂಸ ಅವರಿಗೆ ಸಲ್ಲುತ್ತದೆ, ಹಂದಿ ಸಲ್ಲದು. ರೆಕ್ಕೆ ಮತ್ತು ಹುರುಪೆಗಳೆರಡೂ ಇರುವ ಮೀನು ಸಲ್ಲುತ್ತದೆ. ಸೀಗಡಿ, ಏಡಿ ಸಲ್ಲವು. ರಕ್ತ ನಿಷಿದ್ಧ. ಮಾಂಸವನ್ನೂ ಹಾಲನ್ನೂ ಒಂದೇ ಊಟದಲ್ಲಿ ಕೂಡಿಸುವಂತಿಲ್ಲ. ಅದಕ್ಕಾಗಿ ಎರಡು ಬಗೆಯ ಪಾತ್ರೆ, ಎರಡು ಬಗೆಯ ತಟ್ಟೆಗಳನ್ನು ಇಡುತ್ತಾರೆ; ಮಾಂಸ ಉಂಡ ಮೇಲೆ ಹಾಲು ಮುಟ್ಟಲು ಅನೇಕರು ಆರು ಗಂಟೆ ಕಾಯುತ್ತಾರೆ. ತಗುಲಿದ್ದಕ್ಕೂ ಬೆರೆತದ್ದಕ್ಕೂ ಅವರು ಕೊಡುವ ಗಮನವನ್ನು ಕಂಡರೆ ತತ್ತ್ವಾರ್ಥಸೂತ್ರ ಓದಿದವನಿಗೆ ಗೌರವ ಮೂಡದಿರದು. ಕೀಟ ತಿನ್ನುವುದು ಅವರಿಗೂ ನಿಷಿದ್ಧವಾದುದರಿಂದ ಸೊಪ್ಪಿನ ಒಂದೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ, ಹಿಟ್ಟನ್ನು ಜರಡಿಯಾಡುತ್ತಾರೆ. ಹೋಟೆಲಿನ ಅಡುಗೆಯ ಮೇಲೆ ಕಣ್ಣಿಡಲು ಧರ್ಮಜ್ಞನಾದ ಒಬ್ಬ ಮೇಲ್ವಿಚಾರಕನಿರುತ್ತಾನೆ. ಶೋಧದ ಅಡುಗೆಯ ಕಷ್ಟ ಬಲ್ಲ ಮನೆಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೂ ಅದು ಅವರ ಪ್ರಶ್ನೆಗೆ ಅವರು ಕೊಟ್ಟುಕೊಂಡ ಉತ್ತರ. ಮಾಂಸವೂ ಇಲ್ಲದ, ಹಾಲೂ ಇಲ್ಲದ ಪದಾರ್ಥಕ್ಕೆ ಅವರಲ್ಲಿ ‘ಪಾರ್ವೆ’ ಎಂಬ ಹೆಸರಿದೆ. ಆ ಪದವನ್ನು ಓದಿ ಇದು ಸಸ್ಯಾಹಾರವೆಂದು ತಿಳಿದರೆ ಕೆಟ್ಟಿತು. ಮೊಟ್ಟೆ ಮತ್ತು ಮೀನು ಅವರ ಲೆಕ್ಕದಲ್ಲಿ ಪಾರ್ವೆಗೇ ಸೇರುತ್ತವೆ. ಹಾಲಿನ ಪದಾರ್ಥಗಳ ಹೋಟೆಲಿನಲ್ಲಿ ಮಾಂಸದ ಸೋಂಕೂ ಇರುವುದಿಲ್ಲವೆಂಬುದು ನಿಜ, ಆದರೆ ಪಕ್ಕದ ಮೇಜಿಗೆ ಮೀನು ಬರುತ್ತದೆ. ಜೇನುನೊಣ ಅವರಿಗೆ ಅಭಕ್ಷ್ಯವಾದರೂ ಜೇನುತುಪ್ಪ ಭಕ್ಷ್ಯ. ದ್ರಾಕ್ಷಾರಸದ ಮದ್ಯ ಅವರ ಹಬ್ಬಗಳ ಅಂಗವೇ ಆಗಿದೆ. ಚೀಸ್ ಗಟ್ಟಿಯಾಗಿಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು, ಅದು ಅವರ ವಿಧಿಯಂತೆ ವಧಿಸಿದ ಕರುವಾದರೆ, ಒಪ್ಪುವುದುಂಟು. ಈರುಳ್ಳಿ, ಬಟಾಟೆಗಳ ಮಾತನ್ನಂತೂ ಆ ಶಾಸ್ತ್ರ ಎತ್ತುವುದೇ ಇಲ್ಲ.

ಶ್ರಾವಕನಿಗೆ ನಿಜವಾಗಿ ಒದಗಿಬರುವ ಒಂದು ವಸ್ತು ಅವರ ಅಂಗಡಿಯಲ್ಲಿದೆ. ಪೆಸಹ ಎಂಬ ಹಬ್ಬದಲ್ಲಿ ಅವರು ಹುದುಗು ಬಂದ ಯಾವುದನ್ನೂ ತಿನ್ನುವುದಿಲ್ಲ. ಆಗ ತಿನ್ನುವ ‘ಮಾತ್ಸಾ’ ಎಂಬ ತೆಳು ರೊಟ್ಟಿಯನ್ನು ಬರಿಯ ಹಿಟ್ಟು ಮತ್ತು ನೀರಿನಿಂದ ಮಾಡುತ್ತಾರೆ. ಹಿಟ್ಟಿಗೆ ನೀರು ಸೋಕಿದ ಹದಿನೆಂಟು ನಿಮಿಷದೊಳಗೆ ಅದು ಬೆಂದು ಮುಗಿಯಬೇಕು. ಐರೋಪ್ಯರ ಬ್ರೆಡ್ಡಿನಲ್ಲಿರುವ ಯೀಸ್ಟನ್ನು ಒಲ್ಲದವರಿಗೆ ಇದು ಅನುಕೂಲ. ಮೊಟ್ಟೆ ಸೇರಿಸಿದ ಮಾತ್ಸಾ ಕೂಡ ಇರುವುದರಿಂದ ಪೊಟ್ಟಣವನ್ನು ಓದಿಯೇ ಕೊಳ್ಳಬೇಕು. ಹಿಟ್ಟಿನ ಮರ್ಯಾದೆಯನ್ನು ಮಳೆಗಾಲಕ್ಕೆ ಮೂರು, ಬೇಸಗೆಗೆ ಐದು, ಚಳಿಗಾಲಕ್ಕೆ ಏಳು ದಿನವೆಂದು ಪಾಲಿಸುವ ವ್ರತಿಗಳಿಗಾದರೋ ಅಂಗಡಿಯ ಯಾವ ರೊಟ್ಟಿಯೂ ಸಲ್ಲದು.

ಉಳಿದ ಗುರುತುಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಭಾರತದ ಪೊಟ್ಟಣಗಳ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕಿ ಮೊಟ್ಟೆಯನ್ನು ಹೊರಗಿಡುತ್ತದೆ, ಜೇನನ್ನು ಹೊರಗಿಡುವುದಿಲ್ಲ. ಯೂರೋಪಿನಲ್ಲಿ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಇರಬಹುದೆಂದೇ ಅರ್ಥ. ‘ವೀಗನ್’ ಎಂದಿದ್ದರೆ ಮಾಂಸ, ಮೀನು, ಮೊಟ್ಟೆ, ಹಾಲು, ಜೇನು ಯಾವುದೂ ಇಲ್ಲ. ಹೊರದೇಶದಲ್ಲಿ ಶ್ರಾವಕನಿಗೆ ಅತಿ ಸಮೀಪದ ಗುರುತು ಇದೇ. ಆದರೆ ಕಂದಮೂಲ, ಅಣಬೆ, ಮದ್ಯ ಬೆರೆತ ರಸ ಇವು ಅದರಲ್ಲೂ ಇರುತ್ತವೆ. ಐರೋಪ್ಯ ಒಕ್ಕೂಟದ 2011ರ ಒಂದು ಶಾಸನ 2014ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಕೆಲವರ ದೇಹಕ್ಕೆ ಒಗ್ಗದ ಹದಿನಾಲ್ಕು ಪದಾರ್ಥಗಳನ್ನು ಪೊಟ್ಟಣದ ಪಟ್ಟಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕೆಂದು ಅದರ ವಿಧಿ. ಮೊಟ್ಟೆ, ಮೀನು, ಸೀಗಡಿಯ ಜಾತಿ, ಕಪ್ಪೆಚಿಪ್ಪಿನ ಜಾತಿ ಇವೆಲ್ಲ ಅದರಲ್ಲಿವೆ. ರೋಗಿಗಳಿಗಾಗಿ ಮಾಡಿದ ಕಾನೂನು ವ್ರತಿಗೂ ಅನಾಯಾಸವಾಗಿ ಸಹಾಯ ಮಾಡುತ್ತದೆ! ಮೂಳೆ ಚರ್ಮಗಳಿಂದ ತೆಗೆದ ಜಿಲೆಟಿನ್ ಆ ಹದಿನಾಲ್ಕರಲ್ಲಿ ಇಲ್ಲ. ಅದನ್ನು ಪಟ್ಟಿಯಲ್ಲಿ ಹುಡುಕಿಯೇ ಕಾಣಬೇಕು. ಇ 120 ಎಂಬ ಸಂಖ್ಯೆಯ ಕೆಂಪು ಬಣ್ಣ ಕೀಟಗಳನ್ನು ಅರೆದು ಮಾಡಿದ್ದು, ಇ 904 ಅರಗು. ಇಟಲಿಯ ಪಾರ್ಮೆಸಾನ್ ಚೀಸಿಗೆ ಕರುವಿನ ಹೆಪ್ಪನ್ನೇ ಬಳಸಬೇಕೆಂಬ ನಿಯಮವಿದೆ.

ಹೀಗೆ ಗುರುತುಗಳನ್ನು ಓದುತ್ತ ಹೋದಂತೆ ಶ್ರಾವಕನು ತನ್ನ ತ್ಯಾಗದ ಅರ್ಥವನ್ನು ತಾನೇ ಸಡಿಲಿಸಿಕೊಳ್ಳುವ ಅಪಾಯವಿದೆ. ಇದಕ್ಕೆ ಗಾಂಧೀಜಿಯವರ ಉದಾಹರಣೆ ತಕ್ಕುದು. 1888ರಲ್ಲಿ ಅವರು ಲಂಡನ್ನಿಗೆ ಹೊರಟಾಗ ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧುಗಳು ಅವರಿಂದ ಮದ್ಯ, ಮಾಂಸ, ಪರಸ್ತ್ರೀಸಂಗ ತ್ಯಾಗದ ಪ್ರತಿಜ್ಞೆ ಮಾಡಿಸಿದರು. ತಾಯಿ ಒಪ್ಪಿ ಕಳುಹಿಸಿದ್ದು ಆ ಬಳಿಕವೇ. ಲಂಡನ್ನಿನಲ್ಲಿ ಅಲೆದು ಅಲೆದು ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಹೋಟೆಲೊಂದು ಸಿಕ್ಕ ಮೇಲೆ ಅವರ ಹಸಿವು ತೀರಿತು, ಧರ್ಮಸಂಕಟ ತೀರಲಿಲ್ಲ. ಅಲ್ಲಿಯ ಸಸ್ಯಾಹಾರಿಗಳು ಮಾಂಸವೆಂಬ ಶಬ್ದಕ್ಕೆ ಮೂರು ಅರ್ಥ ಹೇಳುತ್ತಿದ್ದರು. ಒಂದರ ಪ್ರಕಾರ ಮೀನೂ ಸಲ್ಲುತ್ತಿತ್ತು, ಇನ್ನೊಂದರ ಪ್ರಕಾರ ಮೊಟ್ಟೆ ಸಲ್ಲುತ್ತಿತ್ತು. ಪ್ರತಿಜ್ಞೆ ಮಾಡಿಸಿದ ತಾಯಿ ಮಾಂಸವೆಂದರೆ ಏನೆಂದು ತಿಳಿದಿದ್ದರೋ ಅದೇ ತಮ್ಮನ್ನು ಬಂಧಿಸುವ ಅರ್ಥವೆಂದು ಗಾಂಧೀಜಿ ನಿಶ್ಚಯಿಸಿ ಮೊಟ್ಟೆಯನ್ನು ಬಿಟ್ಟರು. ಸಸ್ಯಾಹಾರದ ಹೋಟೆಲುಗಳಲ್ಲೂ ಅನೇಕ ಭಕ್ಷ್ಯಗಳಿಗೆ ಮೊಟ್ಟೆ ಬೀಳುತ್ತಿದ್ದುದರಿಂದ ಪ್ರತಿಯೊಂದನ್ನೂ ಕೇಳಿ ತಿನ್ನುವ ಮುಜುಗರವನ್ನೂ ಸಹಿಸಿದರು. ವ್ರತದ ಶಬ್ದಕ್ಕೆ ಹೊರಟ ಊರಿನ ಅರ್ಥವೇ ಪ್ರಮಾಣ, ತಲುಪಿದ ಊರಿನದಲ್ಲ.

ಅನಸ್ತಮಿತದ ಪಾಲನೆಗೆ ಬೇರೆಯೇ ಬಗೆಯ ತೊಡಕಿದೆ. ಹೆಮ್ಮಾಡಿಯಲ್ಲಿ ವರ್ಷದ ಅತಿ ಚಿಕ್ಕ ಹಗಲು ಹನ್ನೊಂದೂಕಾಲು ಗಂಟೆಗೆ ಕಡಿಮೆಯಾಗುವುದಿಲ್ಲ. ಲಂಡನ್ನಿನಲ್ಲಿ ಡಿಸೆಂಬರ್ 21ರ ಸುಮಾರಿಗೆ ಸೂರ್ಯೋದಯ ಬೆಳಿಗ್ಗೆ ಎಂಟರ ಮೇಲೆ, ಸೂರ್ಯಾಸ್ತ ಮಧ್ಯಾಹ್ನ ನಾಲ್ಕರ ಒಳಗೆ. ಎರಡು ಕಡೆಯೂ ಎರಡೆರಡು ಗಳಿಗೆ ಬಿಟ್ಟರೆ ಊಟಕ್ಕೆ ಉಳಿಯುವುದು ಆರು ಗಂಟೆ ಚಿಲ್ಲರೆ. ಕೆಲಸದಿಂದ ಮರಳುವಾಗ ಕತ್ತಲಾಗಿರುತ್ತದೆ. ಏಕಾಶನದ ಅಭ್ಯಾಸವುಳ್ಳವನಿಗೆ ಇದು ಕಷ್ಟವೇ ಅಲ್ಲ. ಅಭ್ಯಾಸವಿಲ್ಲದವನು ಮಧ್ಯಾಹ್ನದ ಬುತ್ತಿಯಲ್ಲೇ ಸಂಜೆಯ ಪಾಲನ್ನೂ ಕಟ್ಟಿಕೊಳ್ಳಬೇಕು. ಜೂನ್ ತಿಂಗಳಲ್ಲಿ ಅದೇ ಊರಿನಲ್ಲಿ ರಾತ್ರಿ ಒಂಬತ್ತರ ಮೇಲೂ ಬಿಸಿಲಿರುತ್ತದೆ. ನಾರ್ವೆಯ ಟ್ರೊಮ್ಸೊದಲ್ಲಿ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ. ಹಾಗೆಂದು ಇಪ್ಪತ್ತನಾಲ್ಕು ಗಂಟೆಯೂ ಉಣ್ಣಬಹುದೆಂದು ವಾದಿಸುವವನು ವಕೀಲನಾಗಬಹುದು, ವ್ರತಿಯಾಗಲಾರ. ಅಂಥ ಕಡೆ ಗಡಿಯಾರದ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡು ನಿಯಮ ಹಿಡಿಯುವುದೇ ಸರಿ.

ದಿಗ್ವ್ರತ ಹಿಡಿದವರು ಹೊರಡುವ ಮೊದಲೇ ತಮ್ಮ ಎಲ್ಲೆಯನ್ನು ನೆನೆಯಬೇಕು. ಮಗನ ಮನೆ ಪರದೇಶದಲ್ಲಿದೆಯೆಂದು ಕ್ಷೇತ್ರವನ್ನು ಹಿಗ್ಗಿಸುವುದು ಅತಿಚಾರ. ಎಲ್ಲೆಯನ್ನು ಮರೆಯುವುದೂ ಅತಿಚಾರವೇ. ಎಲ್ಲೆ ಅಡ್ಡಬಾರದವರು ಮುನಿಗಳ, ಆರ್ಯಿಕೆಯರ ಅಥವಾ ಮಠದ ಸ್ವಾಮಿಗಳ ಸನ್ನಿಧಿಯಲ್ಲಿ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿ ನಿಯಮ ಪಡೆಯುವುದು ಉತ್ತಮ: ಇಷ್ಟು ದಿನ, ಇಷ್ಟು ಪದಾರ್ಥ, ಅಂಗಡಿಯ ಹಿಟ್ಟಿಗೆ ಅವಕಾಶ ಉಂಟೋ ಇಲ್ಲವೋ, ಒಂದೇ ಕಾವಲಿಯಲ್ಲಿ ಮಾಂಸ ಬೇಯಿಸಿದ ಅಡುಗೆಮನೆಗೆ ಅವಕಾಶ ಉಂಟೋ ಇಲ್ಲವೋ. ಕಠಿಣ ನಿಯಮ ಹಿಡಿದು ಮೂರನೆಯ ದಿನ ಹಸಿವಿನಿಂದ ಮುರಿಯುವ ತರುಣರಿಗಿಂತ, ಶಕ್ತಿಯನ್ನು ಅಳೆದು ಸಣ್ಣ ನಿಯಮ ಹಿಡಿದು ಪೂರ್ತಿ ನಡೆಸುವವರೇ ಮೇಲು.

ಇನ್ನು ಸಾಮಾನಿನ ವಿಚಾರ. ವಿಮಾನದಲ್ಲಿ ಜೈನರ ಊಟಕ್ಕೆ ವಿ.ಜೆ.ಎಂ.ಎಲ್. ಎಂಬ ಪ್ರತ್ಯೇಕ ಸಂಕೇತವಿದೆ. ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಆ ಊಟವನ್ನು ಟಿಕೇಟು ಕೊಳ್ಳುವಾಗಲೇ ಹೇಳಿಡಬೇಕು, ಹತ್ತಿದ ಮೇಲೆ ಕೇಳಿ ಪ್ರಯೋಜನವಿಲ್ಲ. ಅದು ಬರುವ ಹೊತ್ತು ರಾತ್ರಿಯಾಗಿದ್ದರೆ ನಿಯಮವಿದ್ದವನು ಮುಟ್ಟುವಂತಿಲ್ಲ. ತುಪ್ಪ, ಪೇಡೆಗಳನ್ನು ಕಟ್ಟಿಕೊಂಡು ಹೋಗಬಾರದು. ಹೊರಗಿನ ದೇಶಗಳ ಹಾಲಿನ ಪದಾರ್ಥವನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ, ಸುಂಕದ ಕಟ್ಟೆಯಲ್ಲಿ ಕಿತ್ತುಕೊಳ್ಳುತ್ತಾರೆ. ಅವಲಕ್ಕಿ, ಅರಳು, ಒಣ ಚಟ್ನಿಪುಡಿ ಭಾರವಿಲ್ಲದವು. ನೀರು ಸೋಸುವ ಬಟ್ಟೆಯನ್ನು ಮರೆಯಬಾರದು. ಸೋಸಿದ ನೀರಿಗೆ ಒಂದು ಮುಹೂರ್ತದ, ಎಂದರೆ 48 ನಿಮಿಷದ, ಮರ್ಯಾದೆ. ಚೆನ್ನಾಗಿ ಕುದಿಸಿದರೆ 24 ಗಂಟೆ. ಅಲ್ಲಿಯ ವಸತಿಗೃಹಗಳ ಕೋಣೆಯಲ್ಲಿ ವಿದ್ಯುತ್ತಿನ ಕೆಟಲು ಇರುವುದುಂಟು, ಆದರೆ ಅದರಲ್ಲಿ ಹಿಂದಿನವರು ಏನು ಬೇಯಿಸಿದ್ದರೋ ಹೇಳಲಾಗದು. ಸಣ್ಣದೊಂದನ್ನು ಒಯ್ಯುವುದು ಲೇಸು. ಇಂಗ್ಲೆಂಡಿನ ಲೆಸ್ಟರ್ ನಗರಕ್ಕೆ ಹೋಗುವವರಿಗೆ 1988ರಲ್ಲಿ ಪ್ರತಿಷ್ಠೆಯಾದ ಜೈನಕೇಂದ್ರವಿದೆ. ಒಂದೇ ಸೂರಿನಡಿ ಶ್ವೇತಾಂಬರರ ಜೊತೆಗೆ ದಿಗಂಬರರ ಮಂದಿರವೂ ಅಲ್ಲಿದೆ. ಆಂಟ್‌ವರ್ಪಿಗೆ ಹೋಗುವವರು ಯೆಹೂದ್ಯರ ಅಂಗಡಿಯಿಂದ ಮಾತ್ಸಾ ಕೊಳ್ಳುವುದಿದ್ದರೆ ಶುಕ್ರವಾರ ಮಧ್ಯಾಹ್ನವೇ ಕೊಂಡಿಡಬೇಕು. ಅಂದು ಸೂರ್ಯಾಸ್ತಕ್ಕೆ ಅವರ ಸಬ್ಬತ್ ತೊಡಗುತ್ತದೆ. ಶನಿವಾರ ಕತ್ತಲಾಗುವವರೆಗೆ ಆ ಅಂಗಡಿಗಳ ಬಾಗಿಲು ತೆರೆಯುವುದಿಲ್ಲ.