ಮೊದಲು ಎತ್ತಿಡಿ, ಆಮೇಲೆ ಖರ್ಚು ಮಾಡಿ

ಭಾನುವಾರದ ಆರಾಧನೆಯಲ್ಲಿ ಕಾಣಿಕೆ ಎತ್ತುವ ಹೊತ್ತಿಗೆ ನಿಮ್ಮಲ್ಲಿ ಎಷ್ಟೋ ಜನ ಜೇಬು ತಡಕಾಡುತ್ತೀರಿ. ಐನೂರರ ನೋಟು ಕೈಗೆ ಸಿಕ್ಕರೆ ಮೆಲ್ಲಗೆ ಒಳಗೆ ಹೋಗುತ್ತದೆ. ಸಂತೆಯಲ್ಲಿ ಸೊಪ್ಪಿನವಳು ಬೇಡವೆಂದು ವಾಪಸ್ ಕೊಟ್ಟ, ಟೇಪು ಅಂಟಿಸಿದ ಹತ್ತರ ನೋಟು ನಾಲ್ಕು ಮಡಿಕೆಯಾಗಿ ಚೀಲಕ್ಕೆ ಬೀಳುತ್ತದೆ. ನೀವು ಜಿಪುಣರಲ್ಲ, ನನಗೆ ಗೊತ್ತು. ಮದುವೆಮನೆಯಲ್ಲಿ ಮುಯ್ಯಿ ಬರೆಸುವಾಗ ನಿಮ್ಮ ಕೈ ಹಿಂದೆ ಸರಿಯುವುದಿಲ್ಲ. ದೇವರ ಪಾಲನ್ನು ಮಾತ್ರ ಮನೆಯಿಂದ ಯೋಚಿಸಿಕೊಂಡು ಬಂದಿರುವುದಿಲ್ಲ. ಬೇಕಾದಾಗ ಕೊಟ್ಟರಾಯಿತು ಅನ್ನುವ ಈ ಅಭ್ಯಾಸವನ್ನು ದಯವಿಟ್ಟು ಬಿಡಿ.

ಮೊದಲೇ ಎತ್ತಿಡುವುದನ್ನು ಕಲಿಯುವುದಕ್ಕೆ ನೀವು ದೂರ ಹೋಗಬೇಕಾಗಿಲ್ಲ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರು ನಮ್ಮ ಗುಬ್ಬಿಯಲ್ಲಿ ಕೆಲಸ ಶುರುಮಾಡಿದ್ದು 1837ರಲ್ಲಿ. ಎರಡು ವರ್ಷದ ಮೇಲೆ ಐರ್ಲೆಂಡಿನ ವಿಲಿಯಂ ಆರ್ಥರ್ ಬಂದರು, ಆಗ ಅವರಿಗೆ ಇಪ್ಪತ್ತು ವಯಸ್ಸು. ಆರೋಗ್ಯ ಕೆಟ್ಟು, ಕಣ್ಣೂ ಕೈಕೊಟ್ಟು, 1841ರಲ್ಲಿ ಅವರು ಹಿಂತಿರುಗಬೇಕಾಯಿತು. ಮೈಸೂರು ಸೀಮೆಯ ತಮ್ಮ ಅನುಭವವನ್ನು ಅವರು 1847ರಲ್ಲಿ ಪುಸ್ತಕವಾಗಿ ತಂದದ್ದು ಓದುವವರಿಗೆ ಗೊತ್ತು. ಅವರೇ 1855ರಲ್ಲಿ ಬೆಲ್‌ಫಾಸ್ಟಿನಲ್ಲಿ ಇನ್ನೊಂದು ಮಾತು ಹೇಳಿದರು: ಬಂದ ಆದಾಯದಲ್ಲಿ ಇಂತಿಷ್ಟು ಪಾಲು ಕೊಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಕ್ರೈಸ್ತನ ಕರ್ತವ್ಯ. ಮನಸ್ಸು ಬಂದಾಗ ಕೊಡುತ್ತೇನೆ ಅನ್ನುವವನ ಕೈಯಲ್ಲಿ ದಾನ ನಿಲ್ಲುವುದಿಲ್ಲ, ದಶಮಾಂಶ ಅನ್ನುವುದು ಕೊನೆಯ ಮೆಟ್ಟಿಲಲ್ಲ, ಮೊದಲನೆಯದು ಎಂದು ಅವರ ವಾದ. ಆ ಭಾಷಣ ಅಚ್ಚಾಗಿ ದೂರದೂರದವರು ಓದಿದರು. ನಮ್ಮೂರಿನ ಬೀದಿಯಲ್ಲಿ ನಿಂತು ಸುವಾರ್ತೆ ಹೇಳಿದವರ ಮಾತು ನಮ್ಮ ಕಿವಿಗೇ ಬೀಳದಿದ್ದರೆ ಹೇಗೆ?

ಆ ಮಿಷನ್ನಿಗೆ ಹೆಸರು ಬರಲು ಕಾರಣರಾದ ವೆಸ್ಲಿಯವರ ಲೆಕ್ಕವನ್ನೂ ಕೇಳಿ. ಆಕ್ಸ್‌ಫರ್ಡಿನ ಗೆಳೆಯನೊಬ್ಬನ ಸಂಗತಿ ಎಂದು ಅವರು ಒಂದು ಪ್ರಸಂಗದಲ್ಲಿ ಹೇಳಿದ್ದಾರೆ, ಅದು ಅವರದೇ ಸಂಗತಿ ಎಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಜೀವನ ಮಾಡಿ 2 ಕೊಟ್ಟರು. ಮುಂದಿನ ವರ್ಷ 60 ಬಂತು. ಜೀವನ 28ರಲ್ಲೇ, ಕೊಟ್ಟದ್ದು 32. ಮೂರನೆಯ ವರ್ಷ 90 ಬಂದಾಗ 62, ನಾಲ್ಕನೆಯ ವರ್ಷ 120 ಬಂದಾಗ 92 ಕೊಟ್ಟರು. ನಮ್ಮಲ್ಲಿ ಸಂಬಳ ಏರಿದ ತಿಂಗಳೇ ಹೊಸ ಮೊಬೈಲು, ದೊಡ್ಡ ಟಿವಿ, ಅದರ ಹಿಂದೆಯೇ ಕಂತು. ಕಾಣಿಕೆಯ ಕವರಿನಲ್ಲಿ ಮಾತ್ರ ಹತ್ತು ವರ್ಷದ ಹಿಂದಿನ ನೂರು ರೂಪಾಯಿಯೇ ಇರುತ್ತದೆ. ವೆಸ್ಲಿಯವರ ಹಾಗೆ ಬದುಕುವುದು ನಿಮ್ಮಿಂದ ಆಗದೇ ಇರಬಹುದು. ಆದಾಯ ಏರಿದಾಗ ಪಾಲೂ ಏರಬೇಕು ಅನ್ನುವುದಂತೂ ಆಗುತ್ತದಲ್ಲ?

ತಿಂಗಳ ಸಂಬಳದವರು ಹಣ ಖಾತೆಗೆ ಬಿದ್ದ ದಿನವೇ ಪಾಲು ಎತ್ತಿಡಿ. 18,000 ಬಂದರೆ ದಶಮಾಂಶ 1,800. ಒಮ್ಮೆಲೇ ಅಷ್ಟು ಕಷ್ಟವಾದರೆ 500ರಿಂದ ಶುರುಮಾಡಿ, ಆದರೆ ಯಾವ ತಿಂಗಳೂ ತಪ್ಪಿಸಬೇಡಿ. ಹನಿ ಹನಿ ಕೂಡಿದರೆ ಹಳ್ಳ. ತೋಟದವರಿಗೆ ತಿಂಗಳ ಲೆಕ್ಕ ಹೊಂದುವುದಿಲ್ಲ. ಅಡಿಕೆ ಚೇಣಿಗೆ ಕೊಟ್ಟು ದುಡ್ಡು ಬಂದ ದಿನ, ತಿಪಟೂರಿನಲ್ಲಿ ಕೊಬ್ಬರಿ ಮಾರಿ ಬಂದ ದಿನ, ಕೂಲಿ ಗೊಬ್ಬರದ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು ತೆಗೆಯಿರಿ. ಬೈಕಿನ ಕಂತು, ಚಿನ್ನದ ಚೀಟಿ ಕಳೆಯುವ ಹಾಗಿಲ್ಲ, ಅವು ಬೇಸಾಯದ ಖರ್ಚಲ್ಲ. ಗಂಡ ಹೆಂಡತಿ ಇಬ್ಬರೂ ಕೂತು ಬರೆದಿಡಿ. ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು ಕೊಟ್ಟರೆ ಮನೆಯಲ್ಲಿ ಜಗಳ.

ಸಾಲ ಮಾಡಿ ಕಾಣಿಕೆ ಹಾಕಬೇಡಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ನಾಲ್ಕು ಜನರ ಎದುರು ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗಿ, ದುಡ್ಡು ಕಟ್ಟದೆ ಖಜಾಂಚಿಯನ್ನು ಕಂಡರೆ ಬೇರೆ ಬೀದಿ ಹಿಡಿಯುವವರಿದ್ದಾರೆ. ಇನ್ನೂರೇ ಕೂಗಿ, ಅಲ್ಲೇ ಕಟ್ಟಿ. ಸಭೆಯ ಚುನಾವಣೆ ಹತ್ತಿರ ಬಂದಾಗ ಹೆಸರು ಪಟ್ಟಿಯಲ್ಲಿ ಉಳಿಯಲೆಂದು ವರ್ಷದ ಚಂದಾ ಬಾಕಿಯನ್ನು ಒಟ್ಟಿಗೆ ಕಟ್ಟುವುದೂ ಬೇಡ. ಅದು ಮತದ ಬೆಲೆಯಾಯಿತೇ ಹೊರತು ಕಾಣಿಕೆಯಾಗಲಿಲ್ಲ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಊರಿನಲ್ಲಿ ವಯಸ್ಸಾದ ತಾಯಿಯ ಬಿಪಿ ಮಾತ್ರೆಗೆ ಕಾಸಿಲ್ಲ, ಮಗನ ಹೆಸರು ಮಾತ್ರ ಚರ್ಚಿನ ಗೋಡೆಯ ಕಲ್ಲಿನ ಮೇಲೆ. ಮನೆಗೆ ಮಾರಿ, ಊರಿಗೆ ಉಪಕಾರಿ. ದೇವರಿಗೆ ಮೀಸಲು ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸಿದವರನ್ನು ಯೇಸುಸ್ವಾಮಿ ಹೇಗೆ ಗದರಿದರು ಅನ್ನುವುದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ, ತೆಗೆದು ಓದಿ. ಕಾಯಿ ಕೆಡವಿದವನ ಕೂಲಿ, ಅಡಿಕೆ ಸುಲಿದ ಹೆಂಗಸರ ಕೂಲಿ ಸಂಜೆಗೇ ಕೊಡಿ. ಅವರದನ್ನು ಬಾಕಿ ಇಟ್ಟುಕೊಂಡು ಕವರು ತುಂಬಿಸಿದರೆ ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ.

ಎಲ್ಲಿಗೆ ಕೊಡಬೇಕು ಅನ್ನುವುದಕ್ಕೂ ವಿವೇಕ ಬೇಕು. ಇಷ್ಟು ಕಳಿಸಿದರೆ ನೂರರಷ್ಟು ವಾಪಸ್ ಬರುತ್ತದೆ, ಸಾಲ ತೀರುತ್ತದೆ, ರೋಗ ಹೋಗುತ್ತದೆ ಎಂದು ಯೂಟ್ಯೂಬಿನಲ್ಲಿ ಕ್ಯೂಆರ್ ಕೋಡ್ ತೋರಿಸುವವರಿಗೆ ಕಷ್ಟದ ದುಡ್ಡು ಕಳಿಸಬೇಡಿ. ದೇವರ ಜೊತೆ ಬಡ್ಡಿ ವ್ಯಾಪಾರ ಇಲ್ಲ. ನಿಮ್ಮ ಸಭೆಗೆ ಕೊಡಿ, ಹಾಗೆಯೇ ಒಂದು ಪಾಲನ್ನು ಬೀದಿಯ ಕೊನೆಯ ಮನೆಯವರಿಗೂ ಇಡಿ. ಅವರು ಯಾವ ಜಾತಿ, ಯಾವ ದೇವರು ಎಂದು ಕೇಳಬೇಡಿ. ಒಂದು ಮಗುವಿನ ಬಸ್ ಪಾಸು, ಒಬ್ಬರ ಡಯಾಲಿಸಿಸ್‌ಗೆ ತುಮಕೂರಿಗೆ ಹೋಗಿಬರುವ ಆಟೋ ಖರ್ಚು, ಇಂಥವೇ ಸಾಕು. ಫೋಟೋ ತೆಗೆಸಿ ವಾಟ್ಸಾಪಿಗೆ ಹಾಕುವುದಂತೂ ಖಂಡಿತ ಬೇಡ, ಪಡೆದವರಿಗೂ ಮಾನವಿದೆ.

ಸಭೆಯ ಹಣ ನೋಡಿಕೊಳ್ಳುವ ಅಣ್ಣಂದಿರೇ, ನಿಮಗೂ ಹೇಳಬೇಕು. ಪೌಲನು ಯೆರೂಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ, ಯಾರೂ ಬೆರಳು ತೋರಿಸದಿರಲಿ ಎಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡ. ನೀವೂ ಆರಾಧನೆ ಮುಗಿದ ಕೂಡಲೇ ಇಬ್ಬರು ಕೂತು ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಲೆಕ್ಕ ಕೇಳಿದವರ ಮೇಲೆ ಮುನಿಸಿಕೊಳ್ಳಬೇಡಿ. ಕೇಳುವವರೂ ಅಷ್ಟೇ, ಕಮಿಟಿಯಲ್ಲಿ ಕೇಳಿ, ಟೀ ಅಂಗಡಿಯಲ್ಲಿ ಬೇಡ.

ಮಕ್ಕಳ ಕೈಗೆ ಕಾಣಿಕೆ ಹಾಕುವ ಹೊತ್ತಿನಲ್ಲಿ ನಾಣ್ಯ ತುರುಕಬೇಡಿ. ಹಬ್ಬಕ್ಕೆ ಅಜ್ಜಿ ಕೊಟ್ಟ ನೂರು ರೂಪಾಯಿಯಲ್ಲಿ ಎಷ್ಟು ಎತ್ತಿಡುತ್ತೀಯ ಎಂದು ಶನಿವಾರ ರಾತ್ರಿಯೇ ಕೇಳಿ. ಮಗು ಹೇಳಿದಷ್ಟನ್ನು ಅದರ ಕೈಯಲ್ಲೇ ಕವರಿಗೆ ಹಾಕಿಸಿ, ಕಡಿಮೆಯೆಂದು ಗದರಬೇಡಿ.