ಆಳದ ನೀರು ಮತ್ತು ಎರೆಭೂಮಿ

ಭೂಗರ್ಭದಿಂದೆತ್ತಿದ ನೀರಿನಲ್ಲಿ ಲವಣವು ಅಡಗಿರಬಹುದು. ಅದನ್ನು ಎಲ್ಲಿ ಬಿಡಬೇಕೆಂಬುದೇ ಮುಖ್ಯ ವಿಚಾರ. ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿ 2019ರಿಂದ ಇಂಗಾಲಾಮ್ಲವಾಯುವನ್ನು ಆಳದ ಶಿಲಾಪದರದೊಳಗೆ ತುಂಬುತ್ತಿರುವರು. ಅಲ್ಲಿನ ಒತ್ತಡವನ್ನು ತಗ್ಗಿಸಲು ಹೊರತೆಗೆದ ಉಪ್ಪುನೀರನ್ನು ನೆಲದ ಮೇಲೆ ಹರಿಯಬಿಡದೆ ಮತ್ತೊಂದು ಪದರಕ್ಕೆ ಇಳಿಸುವರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಕೊಳವೆಬಾವಿಯ ನೀರಾದರೋ ಹೊಲಕ್ಕೇ ಹರಿಯುವುದು. ಮಸಾರಿ ನೆಲದಲ್ಲಿ ಮಳೆಯು ಲವಣವನ್ನು ಕೆಳಕ್ಕೆ ತೊಳೆಯುವುದು. ಎರೆಯಲ್ಲಿ ಅದು ನಿಂತು, ಸೋಡಿಯಂ ಅಂಶವು ಮಣ್ಣನ್ನು ಬಿಗಿಗೊಳಿಸಿ ಬೇರಿಗೆ ಗಾಳಿಯಾಡದಂತೆ ಮಾಡುವುದು.

ಆದಕಾರಣ ಗೌಡರೂ ಭೂಮಾಲೀಕರೂ ಹೊಸ ಬಾವಿಯ ನೀರನ್ನು ಮೊದಲು ಪರೀಕ್ಷೆ ಮಾಡಿಸತಕ್ಕದ್ದು. ಸವಳು ನೀರನ್ನು ಎರೆಗೆ ಹಾಯಿಸಲೇಬೇಕಾದಲ್ಲಿ ಬಸಿಗಾಲುವೆ ತೋಡಿ, ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಹಾಕತಕ್ಕದ್ದು. ಕೆಟ್ಟ ಎರೆಯನ್ನು ತಿದ್ದಲು ವರ್ಷಗಳೇ ಬೇಕು. ಪರೀಕ್ಷೆಗೆ ಒಂದು ಸೀಸೆ ನೀರು ಸಾಕು.